ಎ-ಝೆಡ್ ಲೈಸೆನ್ಸ್ ಕೈಗೆ ಬಂತು, ಮೊದಲ ಕೆಲಸ ಯಾರ ಹತ್ತಿರ?



ಪ್ರತಿ ವರ್ಷ ಟ್ಯಾಕ್ಸ್ ಸೀಸನ್ ಮುಗಿಯುವಾಗ ನನ್ನ ಬಳಿ ಬಂದವರು ಏನೇನು ಕೆಲಸ ಮಾಡುತ್ತಾರೆ ಅಂತ ಒಂದು ಸಲ ಕಣ್ಣಾಡಿಸುವುದು ನನ್ನ ರೂಢಿ. ಹತ್ತು ವರ್ಷದ ಹಿಂದೆ ಅದರಲ್ಲಿ ಐಟಿಯವರು, ಬ್ಯಾಂಕಿನವರು, ನರ್ಸ್‌ಗಳು ಇದ್ದರು. ಈಗ ಟ್ರಕ್ ಓಡಿಸುವ ಕನ್ನಡದ ಹುಡುಗರೂ ಕಾಣುತ್ತಿದ್ದಾರೆ. ಹಾವೇರಿ, ಕಲಬುರಗಿ, ಮಂಡ್ಯ, ಉಡುಪಿ, ಎಲ್ಲ ಕಡೆಯವರೂ ಇದ್ದಾರೆ. ಓದಲು ಬಂದು ಡಿಪ್ಲೊಮಾ ಮುಗಿಸಿ, ಆ ಓದಿಗೆ ತಕ್ಕ ಕೆಲಸ ಸಿಗದೆ ಈ ಕಡೆ ಬಂದವರೇ ಹೆಚ್ಚು. ವೇರ್‌ಹೌಸ್‌ನಲ್ಲಿ ಡಬ್ಬ ಎತ್ತಿ ಎತ್ತಿ ಬೆನ್ನು ನೋವು ಬಂದು, ಅದೇ ವೇರ್‌ಹೌಸ್‌ಗೆ ಸರಕು ತರುವ ಡ್ರೈವರ್ ಆಗೋಣ ಅಂದುಕೊಂಡವರೂ ಇದ್ದಾರೆ. ದುಡಿಮೆಯಲ್ಲಿ ನಾಚಿಕೆ ಏನಿಲ್ಲ. ಮನೆ ಸಾಲ, ತಂಗಿ ಮದುವೆ, ಅಪ್ಪನ ಆಪರೇಷನ್ ಎಲ್ಲವನ್ನೂ ಸ್ಟೀರಿಂಗ್ ಹಿಡಿದೇ ದಡ ಮುಟ್ಟಿಸಿದವರು ನನಗೆ ಗೊತ್ತು.

ಆದರೆ ಲೈಸೆನ್ಸ್ ಸಿಕ್ಕ ಖುಷಿ ಒಂದು ವಾರ ಇರುತ್ತದೆ. ಆಮೇಲೆ ಫೋನ್ ಶುರು: "ಸರ್, ಎಲ್ಲಿ ಕೇಳಿದರೂ ಎರಡು ವರ್ಷ ಎಕ್ಸ್‌ಪೀರಿಯೆನ್ಸ್ ಕೇಳ್ತಾರೆ. ಕೆಲಸ ಕೊಡದೆ ಎಕ್ಸ್‌ಪೀರಿಯೆನ್ಸ್ ಎಲ್ಲಿಂದ ತರಲಿ?" ಬ್ರಾಂಪ್ಟನ್ ಸುತ್ತ ಪಂಜಾಬಿ ಹುಡುಗನಿಗೆ ಚಿಕ್ಕಪ್ಪನೋ ಊರಿನವನೋ ಒಬ್ಬ ಈ ಲೈನ್‌ನಲ್ಲಿ ಇದ್ದೇ ಇರುತ್ತಾನೆ. ನಮ್ಮವರಿಗೆ ಆ ಆಸರೆ ಇಲ್ಲ. ಹಾಗಾಗಿ ಯಾರು ಮೊದಲು "ಬಾ" ಅಂದರೋ ಅವರ ಹತ್ತಿರ ಹೋಗಿಬಿಡುತ್ತಾರೆ. ನಾನು ಟ್ರಕ್ ಓಡಿಸುವವನಲ್ಲ, ಬಿಕಾಂ ಓದಿ ಲೆಕ್ಕ ಬರೆಯುವವನು. ಆದರೆ ಆ "ಬಾ" ಅಂದ ಮಾತಿನ ಬೆಲೆ ಎಷ್ಟು ಅನ್ನುವುದು ವರ್ಷದ ಕೊನೆಗೆ ನನ್ನ ಮೇಜಿನ ಮೇಲೆ ಅಂಕಿಯಾಗಿ ಬೀಳುತ್ತದೆ. ಅದನ್ನೇ ಈ ತಿಂಗಳು ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವುದು ಮುಖ್ಯವಾಗಿ ಒಂಟಾರಿಯೋಗೆ ಸಂಬಂಧಿಸಿದ್ದು. ಬೇರೆ ಪ್ರಾಂತ್ಯದಲ್ಲಿ ಇರುವವರು ಅಲ್ಲಿನ ನಿಯಮ ನೋಡಿಕೊಳ್ಳಿ.

ಲೈಸೆನ್ಸ್ ಬೇರೆ, ಕೆಲಸ ಬೇರೆ

ಒಂಟಾರಿಯೋದಲ್ಲಿ ಕ್ಲಾಸ್ ಎ ರೋಡ್ ಟೆಸ್ಟ್ ಕೊಡುವ ಮೊದಲು 'ಮೆಲ್ಟ್' ಅನ್ನುವ ಕಡ್ಡಾಯ ತರಬೇತಿ ಮುಗಿಸಬೇಕು. 2017ರ ಜುಲೈ 1ರಿಂದ ಈ ನಿಯಮ ಇದೆ. ಕನಿಷ್ಠ 103.5 ಗಂಟೆ. ತರಗತಿ, ಯಾರ್ಡ್, ಗಾಡಿ ತಪಾಸಣೆ, ರಸ್ತೆ ಎಲ್ಲ ಸೇರಿ ಇಷ್ಟು. ಏರ್ ಬ್ರೇಕ್‌ಗೆ ಝೆಡ್ ಸೇರಿದರೆ ಎ-ಝೆಡ್. ಇನ್ನೊಂದು ವಿಷಯ. ಆಟೋಮ್ಯಾಟಿಕ್ ಗೇರ್ ಗಾಡಿಯಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸ್ ಮೇಲೆ ಆಟೋಮ್ಯಾಟಿಕ್ ಮಾತ್ರ ಅನ್ನುವ ನಿರ್ಬಂಧ ಬೀಳುತ್ತದೆ. ಇನ್ನೂ ಶಾಲೆ ಸೇರದವರು ಇದನ್ನು ಮೊದಲೇ ಯೋಚಿಸಿ. ಶಾಲೆ ನೋಂದಾಯಿತ ಕೆರಿಯರ್ ಕಾಲೇಜು ಹೌದೋ ಅಲ್ಲವೋ ಅಂತಲೂ ನೋಡಿ. ಫೀಸು ಕಡಿಮೆ, ಗಂಟೆ ಪೂರ್ತಿ ಮಾಡದೆಯೇ ಸರ್ಟಿಫಿಕೇಟ್ ಕೊಡ್ತೀವಿ ಅನ್ನುವವರ ಹತ್ತಿರ ಹೋದರೆ ನಷ್ಟ ನಿಮಗೇ.

ಸರಿ, ಲೈಸೆನ್ಸ್ ಬಂತು. ಕಂಪನಿಯವರು ಯಾಕೆ ತೆಗೆದುಕೊಳ್ಳುವುದಿಲ್ಲ? ಅವರಿಗೆ ನಿಮ್ಮ ಮೇಲೆ ದ್ವೇಷ ಇಲ್ಲ. ತಡೆಯುವುದು ಇನ್ಶೂರೆನ್ಸ್. ಫ್ಲೀಟ್ ಇನ್ಶೂರೆನ್ಸ್ ಕೊಡುವವರು ಡ್ರೈವರ್‌ಗೆ ಎರಡು ಮೂರು ವರ್ಷದ ಅನುಭವ ಇರಬೇಕು ಅನ್ನುತ್ತಾರೆ, ಇಲ್ಲವೇ ಹೊಸಬನಿಗೆ ಕಂಪನಿಯೇ ತರಬೇತಿ ಕೊಡುವ ವ್ಯವಸ್ಥೆ ಇದೆಯೇ ಅಂತ ಕೇಳುತ್ತಾರೆ. ಸಣ್ಣ ಕಂಪನಿಗೆ ಅಂಥ ವ್ಯವಸ್ಥೆ ಇರುವುದಿಲ್ಲ. ಜೊತೆಗೆ 2022ರ ನಂತರ ಸರಕು ಸಾಗಣೆಯ ಮಾರುಕಟ್ಟೆಯೂ ಇಳಿದಿದೆ. 2021ರಲ್ಲಿ ಡ್ರೈವರ್ ಸಿಕ್ಕರೆ ಸಾಕು ಅನ್ನುತ್ತಿದ್ದವರು ಆಮೇಲೆ ಆರಿಸಿ ತೆಗೆದುಕೊಳ್ಳತೊಡಗಿದರು.

ಹಾಗಾಗಿ ಹೊಸಬ ಹುಡುಕಬೇಕಾದದ್ದು "ಯಾರು ಹೆಚ್ಚು ಕೊಡ್ತಾರೆ" ಅಂತ ಅಲ್ಲ, "ಯಾರ ಇನ್ಶೂರೆನ್ಸ್ ನನ್ನನ್ನು ಒಪ್ಪುತ್ತದೆ, ಯಾರು ನನ್ನ ಪಕ್ಕ ಕೂತು ಕಲಿಸ್ತಾರೆ" ಅಂತ.

ಕ್ಲೀನರ್ ಆಗಿದ್ದ ಕಾಲ

ನಮ್ಮ ಊರಲ್ಲಿ ಲಾರಿ ಡ್ರೈವರ್ ಆಗುತ್ತಿದ್ದುದು ಹೇಗೆ ನೆನಪು ಮಾಡಿಕೊಳ್ಳಿ. ಹುಡುಗ ಮೊದಲು ಕ್ಲೀನರ್. ಟೈರ್ ತಟ್ಟಿ ನೋಡುವುದು, ಟಾರ್ಪಾಲ್ ಬಿಗಿಯುವುದು, ಹಿಂದೆ ನಿಂತು "ಬರ್ಲಿ, ಬರ್ಲಿ" ಅಂತ ಕೂಗುವುದು, ಡ್ರೈವರ್‌ಗೆ ನಿದ್ದೆ ಬಾರದಂತೆ ಮಾತಾಡಿಸುವುದು. ಎರಡು ಮೂರು ವರ್ಷ ಹಾಗೆ ಸುತ್ತಿದ ಮೇಲೆ ಒಂದು ರಾತ್ರಿ ಖಾಲಿ ರಸ್ತೆಯಲ್ಲಿ ಉಸ್ತಾದ್ ಸ್ಟೀರಿಂಗ್ ಕೊಡುತ್ತಿದ್ದ. ಆ ಪದ್ಧತಿಯಲ್ಲಿ ನೂರೆಂಟು ಹುಳುಕು ಇತ್ತು, ಹೊಡೆತ ಬೈಗುಳ ಎಲ್ಲ ಇತ್ತು. ಆದರೆ ಪಕ್ಕದಲ್ಲಿ ಕೂತು ನೋಡುವ ಕಾಲ ಅಂತ ಒಂದು ಇತ್ತು.

ಇಲ್ಲಿ ಕ್ಲೀನರ್ ಇಲ್ಲ. 103.5 ಗಂಟೆ ಆದ ಮೇಲೆ ಕಾನೂನಿನ ಪ್ರಕಾರ ನೀವು ಪೂರ್ತಿ ಡ್ರೈವರ್. 36 ಟನ್ನಿಗಿಂತ ಹೆಚ್ಚು ತೂಕದ ಗಾಡಿಯನ್ನು ಜನವರಿಯ ಹಿಮದಲ್ಲಿ ವಾವಾ, ನಿಪಿಗಾನ್ ಕಡೆಯ ಹೈವೇ 17ರಲ್ಲಿ ಒಬ್ಬರೇ ಓಡಿಸಬಹುದು. ಕಾನೂನು ತಡೆಯುವುದಿಲ್ಲ. ತಡೆಯಬೇಕಾದವರು ನೀವು ಮತ್ತು ನಿಮ್ಮ ಮೊದಲ ಕಂಪನಿ.

2018ರ ಏಪ್ರಿಲ್ 6ರಂದು ಸಸ್ಕಾಚೆವಾನ್‌ನಲ್ಲಿ ಏನಾಯಿತು ಅಂತ ಕೆನಡಾದಲ್ಲಿ ಇರುವ ಎಲ್ಲರಿಗೂ ಗೊತ್ತು. ಹಂಬೋಲ್ಟ್ ಬ್ರಾಂಕೋಸ್ ಹಾಕಿ ತಂಡದ ಬಸ್ಸಿಗೂ ಒಂದು ಟ್ರಕ್ಕಿಗೂ ಡಿಕ್ಕಿಯಾಗಿ 16 ಜನ ಸತ್ತರು, 13 ಜನ ಗಾಯಗೊಂಡರು. ಟ್ರಕ್ ಸ್ಟಾಪ್ ಬೋರ್ಡ್ ದಾಟಿ ಬಂದಿತ್ತು. ಓಡಿಸುತ್ತಿದ್ದವನು ಭಾರತದಿಂದ ಬಂದ ಹುಡುಗ, ನನ್ನಂತೆಯೇ ಕಾಮರ್ಸ್ ಪದವೀಧರ. ಕಂಪನಿಯಲ್ಲಿ ಎರಡು ವಾರ ತರಬೇತಿ ಪಡೆದು, ಆಮೇಲೆ ಎರಡು ಟ್ರೇಲರ್ ಕಟ್ಟಿದ ಗಾಡಿಯನ್ನು ಒಬ್ಬನೇ ಓಡಿಸುತ್ತಿದ್ದ. ಹಿಂದೆ ಹಾರಾಡುತ್ತಿದ್ದ ಟಾರ್ಪಾಲ್ ಕಡೆ ಅವನ ಗಮನ ಹೋಗಿತ್ತು ಅನ್ನುವುದು ಕೋರ್ಟಿನಲ್ಲಿ ಬಂತು. ಅವನಿಗೆ 8 ವರ್ಷ ಜೈಲು, ಆಮೇಲೆ ಗಡೀಪಾರು ಆದೇಶ. ಕಂಪನಿ ಮಾಲೀಕನಿಗೆ ಆದದ್ದು 5,000 ಡಾಲರ್ ದಂಡ. ಮುಂದಿನ ವರ್ಷ ಸಸ್ಕಾಚೆವಾನ್, ಆಲ್ಬರ್ಟಾ, ಮ್ಯಾನಿಟೋಬಾ ಮೂರೂ ಕಡೆ ಕಡ್ಡಾಯ ತರಬೇತಿ ಬಂತು.

ಅವನ ತಪ್ಪನ್ನು ಅವನೇ ಕೋರ್ಟಿನಲ್ಲಿ ಒಪ್ಪಿಕೊಂಡ. ನಾನು ಅವನ ಪರ ವಾದ ಮಾಡುತ್ತಿಲ್ಲ. ಹದಿನಾರು ಮನೆಗಳ ದುಃಖಕ್ಕೆ ಯಾವ ಲೆಕ್ಕವೂ ಇಲ್ಲ. ಆದರೆ ಹೊಸ ಡ್ರೈವರ್ ಆಗುವ ಪ್ರತಿಯೊಬ್ಬರೂ ಒಂದು ಮಾತು ಗಮನಿಸಬೇಕು: ಅನುಭವ ಇಲ್ಲದವನ ಕೈಗೆ ದೊಡ್ಡ ಗಾಡಿ ಕೊಟ್ಟವರಿಗೆ ಬೀಳುವ ಪೆಟ್ಟು ಸಣ್ಣದು, ಓಡಿಸಿದವನಿಗೆ ಬೀಳುವುದು ಜೀವಮಾನದ್ದು. ನಮ್ಮೂರ ಘಾಟ್ ರಸ್ತೆಗಳಲ್ಲಿ 'ಅವಸರವೇ ಅಪಘಾತಕ್ಕೆ ಕಾರಣ' ಅಂತ ಬರೆದಿರುತ್ತಾರಲ್ಲ, ಅದು ಕೆಲಸ ಒಪ್ಪಿಕೊಳ್ಳುವ ಅವಸರಕ್ಕೂ ಸಲ್ಲುತ್ತದೆ.

ಅದಕ್ಕೇ ನಾನು ಹುಡುಗರಿಗೆ ಹೇಳುವುದು: ಮೊದಲ ವರ್ಷವನ್ನು ನಿಮ್ಮ ಕ್ಲೀನರ್ ವರ್ಷ ಅಂದುಕೊಳ್ಳಿ. ಆ ವರ್ಷದ ಸಂಪಾದನೆ ಅಂದರೆ ಸಂಬಳ ಅಷ್ಟೇ ಅಲ್ಲ. ಅಪಘಾತ ಇಲ್ಲದ, ಟಿಕೆಟ್ ಇಲ್ಲದ, ಕಾಗದದ ಮೇಲೆ ತೋರಿಸಬಹುದಾದ ಹನ್ನೆರಡು ತಿಂಗಳು. ಅದು ಕೈಯಲ್ಲಿದ್ದರೆ ಎರಡನೇ ಕೆಲಸ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.

ಮೊದಲ ಕೆಲಸ ಸಿಗುವ ಜಾಗಗಳು

ನನ್ನ ಬಳಿ ಬರುವವರಲ್ಲಿ ಚೆನ್ನಾಗಿ ನೆಲೆಯಾದವರು ಶುರು ಮಾಡಿದ್ದು ಈ ದಾರಿಗಳಲ್ಲಿ:

1. ಹೊಸಬರಿಗೆ ತರಬೇತಿ ಕೊಡುವ ದೊಡ್ಡ ಫ್ಲೀಟ್‌ಗಳು. ಇಲ್ಲಿ ಕೆಲವು ವಾರಗಳ ಕಾಲ ಕೋಚ್ ಡ್ರೈವರ್ ನಿಮ್ಮ ಜೊತೆ ಗಾಡಿಯಲ್ಲಿರುತ್ತಾರೆ. ಆ ದಿನಗಳ ಸಂಬಳ ಕಡಿಮೆ, ಮನೆಗೆ ಬರುವುದೂ ಕಡಿಮೆ. ಆದರೆ ಹಳೆಯ ಉಸ್ತಾದ್‌ಗೆ ಹತ್ತಿರವಾದ ವ್ಯವಸ್ಥೆ ಇದೊಂದೇ.

2. ಶಂಟ್ ಡ್ರೈವರ್. ಯಾರ್ಡ್ ಒಳಗೇ ಟ್ರೇಲರ್‌ಗಳನ್ನು ಡಾಕ್‌ಗೆ ಹಚ್ಚುವ ಕೆಲಸ. ಒಂದು ಶಿಫ್ಟ್‌ನಲ್ಲಿ ಹತ್ತಾರು ಸಲ ರಿವರ್ಸ್ ಹೊಡೆಯಬೇಕು. ಹೈವೇ ಅನುಭವ ಸಿಗುವುದಿಲ್ಲ ನಿಜ, ಆದರೆ ಹೊಸಬರ ಸಣ್ಣ ಅಪಘಾತಗಳು ಹೆಚ್ಚಾಗಿ ಆಗುವುದೇ ರಿವರ್ಸ್‌ನಲ್ಲಿ. ಅಲ್ಲಿ ಕೈ ಪಳಗುತ್ತದೆ.

3. ಸಿಟಿ ಕೆಲಸ. ಮಿಸ್ಸಿಸಾಗ, ಮಿಲ್ಟನ್, ವಾನ್ ಸುತ್ತಲಿನ ಪಿಕಪ್ ಮತ್ತು ಡೆಲಿವರಿ. ಗಂಟೆ ಲೆಕ್ಕದ ಸಂಬಳ, ರಾತ್ರಿ ಮನೆ ಊಟ.

4. ಒಳಗಿನಿಂದ ಮೇಲೆ ಹೋಗುವುದು. ಡಾಕ್‌ನಲ್ಲಿ ಲೋಡ್ ಮಾಡುತ್ತಿರುವ ಕಂಪನಿಯಲ್ಲೇ "ನನಗೆ ಎ-ಝೆಡ್ ಬಂದಿದೆ" ಅಂತ ಸೂಪರ್‌ವೈಸರ್‌ಗೆ ಹೇಳಿ. ಎರಡು ವರ್ಷದಿಂದ ಟೈಮಿಗೆ ಸರಿಯಾಗಿ ಬರುವವನನ್ನು ಅವರು ಹೊರಗಿನವನಿಗಿಂತ ಹೆಚ್ಚು ನಂಬುತ್ತಾರೆ.

5. ಟ್ರೇಲರ್ ಇಲ್ಲದ ಸ್ಟ್ರೇಟ್ ಟ್ರಕ್, ಡಂಪ್ ಟ್ರಕ್. ವಸಂತದಲ್ಲಿ ಕಟ್ಟಡ ಕೆಲಸ ಶುರುವಾಗುವಾಗ ಕೇಳಿ.

ಅಮೆರಿಕ ಗಡಿ ದಾಟುವ ಕೆಲಸದ ಆಸೆ ಇದ್ದರೆ ಮೂರು ಮಾತು ನೆನಪಿಡಿ. ನಿಮಗೆ ಇಲ್ಲಿ ಪಿಆರ್ ಇದ್ದರೂ ಭಾರತದ ಪಾಸ್‌ಪೋರ್ಟ್ ಆದರೆ ಅಮೆರಿಕದ ವೀಸಾ ಬೇಕು. ಗಾಂಜಾ ಕೆನಡಾದಲ್ಲಿ 2018ರಿಂದ ಕಾನೂನುಬದ್ಧ ಇರಬಹುದು, ಅಮೆರಿಕದ ಡ್ರಗ್ ಟೆಸ್ಟ್‌ನಲ್ಲಿ ಅದು ಕಂಡರೆ ಕೆಲಸ ಹೋಯಿತು. 2025ರ ಜೂನ್‌ನಿಂದ ಅಲ್ಲಿ ಇಂಗ್ಲಿಷ್‌ನಲ್ಲಿ ಇನ್‌ಸ್ಪೆಕ್ಟರ್ ಜೊತೆ ಮಾತಾಡಲು ಬಾರದ ಡ್ರೈವರ್‌ನನ್ನು ರಸ್ತೆಯಲ್ಲೇ ನಿಲ್ಲಿಸುತ್ತಾರೆ. ಮೊದಲ ವರ್ಷ ಕೆನಡಾ ಒಳಗೇ ಓಡಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ.

"ಕಾರ್ಪೊರೇಷನ್ ಮಾಡಿಸಿಕೊಂಡು ಬಾ"

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಅನುಭವ ಇಲ್ಲದವನಿಗೆ ಬೇಗ ಬರುವ ಆಫರ್ ಹೀಗಿರುತ್ತದೆ: "ಗಾಡಿ ನಮ್ಮದು, ಡೀಸೆಲ್ ನಮ್ಮದು, ಲೋಡ್ ನಮ್ಮದು. ನೀನು ನಿನ್ನ ಹೆಸರಲ್ಲಿ ಒಂದು ಕಾರ್ಪೊರೇಷನ್ ಮಾಡಿಸಿಕೊಂಡು ಬಾ. ಟ್ಯಾಕ್ಸ್ ಕಟ್ ಮಾಡೋದಿಲ್ಲ, ಪೂರ್ತಿ ದುಡ್ಡು ನಿನ್ನ ಕೈಗೆ." ಇದಕ್ಕೆ ಇಲ್ಲಿ 'ಡ್ರೈವರ್ ಇಂಕ್' ಅನ್ನುತ್ತಾರೆ.

ಗಾಡಿ ನಿಮ್ಮದಲ್ಲ, ಸಮಯ ನಿಮ್ಮದಲ್ಲ, ಲೋಡ್ ಆರಿಸುವವರು ನೀವಲ್ಲ. ಅಂದ ಮೇಲೆ ನೀವು ವ್ಯಾಪಾರಿ ಹೇಗಾಗುತ್ತೀರಿ? ನೀವು ನೌಕರ. ಪ್ರಾಂತ್ಯದ ಗಡಿ ದಾಟಿ ಸರಕು ಸಾಗಿಸುವ ಕಂಪನಿಗಳಿಗೆ ಅನ್ವಯಿಸುವುದು ಕೆನಡಾ ಲೇಬರ್ ಕೋಡ್. ನೌಕರನನ್ನು ನೌಕರನಲ್ಲ ಅಂತ ತೋರಿಸುವುದನ್ನು ಆ ಕೋಡ್ 2021ರಿಂದ ನಿಷೇಧಿಸಿದೆ. 2024ರಲ್ಲಿ ಇನ್ನೂ ಬಿಗಿ ಮಾಡಿ, ನೌಕರ ಅಲ್ಲ ಅಂತ ಸಾಬೀತು ಮಾಡುವ ಹೊಣೆಯನ್ನು ಕಂಪನಿಯ ಮೇಲೆಯೇ ಹಾಕಿದೆ.

ಲೆಕ್ಕ ನೋಡೋಣ. ಇದು ಉದಾಹರಣೆಗೆ ನಾನೇ ಹಾಕಿದ ಅಂಕಿ. ದರ 2025ರದ್ದು. ವರ್ಷಕ್ಕೆ 1,00,000 ಮೈಲಿ ಓಡಿಸಿದಿರಿ ಅಂತ ಇಟ್ಟುಕೊಳ್ಳಿ.

ಪೇರೋಲ್ ಮೇಲೆ ಮೈಲಿಗೆ 56 ಸೆಂಟ್: 56,000 ಡಾಲರ್. ಅದರ ಮೇಲೆ 4% ರಜೆ ಸಂಬಳ 2,240. ಫೆಡರಲ್ ನಿಯಮದ 10 ಸಾರ್ವತ್ರಿಕ ರಜೆಗಳಿಗೆ ಸುಮಾರು 2,150. ಒಟ್ಟು ಸುಮಾರು 60,390.

ಕಾರ್ಪೊರೇಷನ್‌ಗೆ ಮೈಲಿಗೆ 65 ಸೆಂಟ್: 65,000 ಡಾಲರ್. ಇದರಲ್ಲಿ ಕಂಪನಿಯ ಲೆಕ್ಕಪತ್ರ, ರಿಟರ್ನ್, ಫೀಸು ಅಂತ ಸುಮಾರು 1,500 ಹೋಯಿತು (ಅದು ನನ್ನಂಥವರ ಜೇಬಿಗೇ ಬರುವುದು, ಆದರೂ ಬೇಡ ಅನ್ನುತ್ತಿದ್ದೇನೆ). ಸಿಪಿಪಿಯಲ್ಲಿ ಮಾಲೀಕ ಕಟ್ಟಬೇಕಾದ 5.95% ಪಾಲನ್ನೂ ಈಗ ನೀವೇ ಕಟ್ಟಬೇಕು, ಅದು ಸುಮಾರು 3,370. ಉಳಿದದ್ದು ಸುಮಾರು 60,130.

ಒಂಬತ್ತು ಸೆಂಟ್ ಹೆಚ್ಚು ಅಂತ ಹೋದದ್ದು ಕೊನೆಗೆ 260 ಡಾಲರ್ ಕಡಿಮೆಗೆ ಬಂತು. ಪೇರೋಲ್‌ನವನಿಗೆ ಇಐ ಪ್ರೀಮಿಯಂ ಅಂತ ಸುಮಾರು 1,000 ಡಾಲರ್ ಕಡಿತ ಆಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಕೆಲಸ ಹೋದರೆ ಅವನಿಗೆ ಇಐ ಸಿಗುತ್ತದೆ. ಸ್ವಂತ ಕಾರ್ಪೊರೇಷನ್‌ನಲ್ಲಿ 40%ಗಿಂತ ಹೆಚ್ಚು ಷೇರು ಇಟ್ಟುಕೊಂಡವನಿಗೆ ಆ ಇಐ ಇಲ್ಲ. ಪೇರೋಲ್‌ನವನಿಗೆ ವರ್ಷಕ್ಕೆ 10 ದಿನದವರೆಗೆ ಸಂಬಳ ಸಹಿತ ಕಾಯಿಲೆ ರಜೆ ಇದೆ. ಐಸ್ ಮೇಲೆ ಜಾರಿ ಕಾಲು ಮುರಿದರೆ ಡಬ್ಲ್ಯುಎಸ್‌ಐಬಿ ಇದೆ. ಕಾರ್ಪೊರೇಷನ್‌ನವನಿಗೆ ತಾನಾಗಿ ಬೇರೆ ವಿಮೆ ಮಾಡಿಸಿಕೊಂಡಿರದಿದ್ದರೆ ಏನೂ ಇಲ್ಲ.

"ಕಂಪನಿಯಲ್ಲೇ ದುಡ್ಡು ಇಟ್ಟರೆ ಟ್ಯಾಕ್ಸ್ 12.2% ಅಷ್ಟೇ ಅಲ್ವಾ ಸರ್?" ಅಂತ ಕೇಳುತ್ತಾರೆ. ನಿಜವಾದ ಸಣ್ಣ ವ್ಯಾಪಾರಕ್ಕೆ ಒಂಟಾರಿಯೋದಲ್ಲಿ 2025ರಲ್ಲಿ ಆ ದರ ಇತ್ತು. ಆದರೆ ಒಬ್ಬನೇ ಯಜಮಾನನ ಗಾಡಿ ಓಡಿಸುವ ಇಂಥ ಕಾರ್ಪೊರೇಷನ್‌ಅನ್ನು ಸಿಆರ್‌ಎ 'ಪರ್ಸನಲ್ ಸರ್ವಿಸಸ್ ಬಿಸಿನೆಸ್' ಅಂತ ಪರಿಗಣಿಸಿದರೆ, ಕಂಪನಿಯಲ್ಲಿ ಉಳಿಸಿದ ಲಾಭಕ್ಕೆ ದರ 44.5%. ಫೋನ್ ಬಿಲ್, ಕಾರಿನ ಖರ್ಚು ತೋರಿಸುವುದಕ್ಕೂ ಬಿಡುವುದಿಲ್ಲ. ನೋಟಿಸು ಎರಡು ಮೂರು ವರ್ಷ ಬಿಟ್ಟು ಬಡ್ಡಿ ಸಮೇತ ಬರಬಹುದು. ಅಷ್ಟರಲ್ಲಿ ನಿಮಗೆ "ಬಾ" ಅಂದವನು ಬೋರ್ಡು ಬದಲಿಸಿ ಬೇರೆ ಹೆಸರಲ್ಲಿ ಕೂತಿರುತ್ತಾನೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಪಿಆರ್‌ಗೆ. ವರ್ಕ್ ಪರ್ಮಿಟ್ ಮೇಲೆ ಇರುವವರು ದಯವಿಟ್ಟು ಇದನ್ನು ಎರಡು ಸಲ ಓದಿ. ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್‌ಗೆ ಒಂದು ವರ್ಷ, ಅಂದರೆ 1,560 ಗಂಟೆ, ಇಲ್ಲಿನ ಕೆಲಸದ ಅನುಭವ ಬೇಕು. ಟ್ರಕ್ ಡ್ರೈವರ್ ಕೆಲಸ ಅದಕ್ಕೆ ಲೆಕ್ಕಕ್ಕೆ ಬರುತ್ತದೆ. ಆದರೆ ಸ್ವಂತ ಉದ್ಯೋಗದ ಅನುಭವ ಬರುವುದಿಲ್ಲ.

ಹಾವೇರಿ ಕಡೆಯ ಒಬ್ಬ ಹುಡುಗ ನನ್ನ ಬಳಿ ಬಂದಾಗ ಹನ್ನೊಂದು ತಿಂಗಳು ಹೀಗೆ ಓಡಿಸಿದ್ದ. ವರ್ಕ್ ಪರ್ಮಿಟ್ ಮುಗಿಯಲು ಹದಿನಾಲ್ಕು ತಿಂಗಳು ಉಳಿದಿತ್ತು. ಟಿ4 ಇಲ್ಲ, ಪೇ ಸ್ಟಬ್ ಇಲ್ಲ, ಬ್ಯಾಂಕಿಗೆ ಬಂದ ದುಡ್ಡು ಎಲ್ಲ ಅವನ ಕಾರ್ಪೊರೇಷನ್ ಹೆಸರಲ್ಲಿ. "ಸರ್, ನಾನು ದಿನಾ ಹದಿಮೂರು ಗಂಟೆ ಕೆಲಸ ಮಾಡಿದ್ದೀನಿ, ಅದು ಎಲ್ಲಿ ಹೋಯ್ತು?" ಅಂದ. ಊರಲ್ಲಿ ಹೆಂಡತಿ, ಎರಡು ವರ್ಷದ ಮಗಳು. ನಾನು ಅವನಿಗೆ ಒಬ್ಬ ಇಮಿಗ್ರೇಷನ್ ವಕೀಲರನ್ನು ತೋರಿಸಿದೆ. ಅವನು ಆ ತಿಂಗಳೇ ಆ ಕೆಲಸ ಬಿಟ್ಟು, ಮೈಲಿಗೆ ಎಂಟು ಸೆಂಟ್ ಕಡಿಮೆಗೆ ಪೇರೋಲ್ ಕೆಲಸ ಹಿಡಿದ. ಗಡಿಯಾರ ಸೊನ್ನೆಯಿಂದ ಶುರು. ವರ್ಕ್ ಪರ್ಮಿಟ್ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಅವನ ವರ್ಷ ತುಂಬಿತು. ಅಂಥ ಅವಕಾಶ ಎಲ್ಲರಿಗೂ ಉಳಿದಿರುವುದಿಲ್ಲ.

ಇನ್ನೊಂದು ಮಾತು. ಎಲ್‌ಎಂಐಎ ಕೊಡಿಸ್ತೀನಿ, ಇಷ್ಟು ಸಾವಿರ ಕೊಡು ಅಂತ ಯಾರಾದರೂ ಕೇಳಿದರೆ ಎದ್ದು ಬನ್ನಿ. ಕೆಲಸಕ್ಕಾಗಿ ಕೆಲಸಗಾರನಿಂದ ದುಡ್ಡು ವಸೂಲು ಮಾಡುವುದು ಕಾನೂನುಬಾಹಿರ. ಮೇಲಾಗಿ 2025ರ ಮಾರ್ಚ್‌ನಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಜಾಬ್ ಆಫರ್‌ಗೆ ಕೊಡುತ್ತಿದ್ದ ಹೆಚ್ಚುವರಿ ಪಾಯಿಂಟ್ಸ್ ತೆಗೆದುಹಾಕಿದ್ದಾರೆ. ದುಡ್ಡು ಕೊಟ್ಟು ಏನು ಕೊಂಡ ಹಾಗಾಯಿತು?

ಮೈಲಿಯ ದರ ಅರ್ಧ ಮಾತು ಮಾತ್ರ

ಇಂಟರ್‌ವ್ಯೂನಲ್ಲಿ "ಮೈಲಿಗೆ ಎಷ್ಟು?" ಅಂತ ಮಾತ್ರ ಕೇಳಿ ಬರಬೇಡಿ. ಹೀಗೆ ಕೇಳಿ:

ಯಾವ ಮೈಲಿ? ಗಾಡಿಯ ಮೀಟರ್ ತೋರಿಸುವ ಮೈಲಿಯೋ, ಸಾಫ್ಟ್‌ವೇರ್ ಲೆಕ್ಕ ಹಾಕುವ ಕಡಿಮೆ ಮೈಲಿಯೋ?

ಡಾಕ್‌ನಲ್ಲಿ ಕಾದರೆ ಎಷ್ಟನೇ ಗಂಟೆಯಿಂದ ದುಡ್ಡು? ಗಡಿಯಲ್ಲಿ ಕಾದರೆ? ಹಿಮ ಬಿದ್ದು ಹೈವೇ ಮುಚ್ಚಿದರೆ?

ಬೆಳಗಿನ ತಪಾಸಣೆಗೆ, ಡೀಸೆಲ್ ಹಾಕಿಸುವುದಕ್ಕೆ, ಟ್ರೇಲರ್ ಬದಲಿಸುವುದಕ್ಕೆ ದುಡ್ಡು ಇದೆಯೋ ಇಲ್ಲವೋ?

ವಾರಕ್ಕೆ ಸಾಮಾನ್ಯವಾಗಿ ಎಷ್ಟು ಮೈಲಿ ಸಿಗುತ್ತದೆ? ದರ ಎಷ್ಟೇ ಇರಲಿ, ಮೈಲಿ ಸಿಗದಿದ್ದರೆ ಗುಣಾಕಾರ ಮಾಡುವುದು ಯಾವುದರಿಂದ?

ಮೊದಲ ಎರಡು ವಾರದ ಸಂಬಳ ಹಿಡಿದಿಟ್ಟುಕೊಳ್ಳುತ್ತಾರೆಯೇ? ಗಾಡಿಗೆ ಗೀರು ಬಿದ್ದರೆ ಯಾರ ಖರ್ಚು? ಫೆಡರಲ್ ಕೋಡ್ ಪ್ರಕಾರ ಸಂಬಳದಿಂದ ಮನಸ್ಸಿಗೆ ಬಂದ ಹಾಗೆ ಕಡಿತ ಮಾಡುವಂತಿಲ್ಲ. ಬೇರೆಯವರೂ ಬಳಸುವ ಗಾಡಿಯ ಹಾನಿಯನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ.

ವಾರದ ಕೊನೆಗೆ ನಿಮ್ಮದೇ ಒಂದು ಲೆಕ್ಕ ಹಾಕಿ. ಬಂದ ದುಡ್ಡನ್ನು ಕೆಲಸದ ಒಟ್ಟು ಗಂಟೆಗಳಿಂದ ಭಾಗಿಸಿ. ಕಾದ ಗಂಟೆಯೂ ಸೇರಲಿ. 2025ರ ಏಪ್ರಿಲ್‌ನಲ್ಲಿ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 17.75 ಡಾಲರ್ ಆಯಿತು, ಪ್ರತಿ ಏಪ್ರಿಲ್ 1ಕ್ಕೆ ಅದು ಪರಿಷ್ಕರಣೆ ಆಗುತ್ತದೆ. ನಿಮ್ಮ ಭಾಗಾಕಾರ ಅದರ ಹತ್ತಿರ ಹತ್ತಿರ ಬಂದರೆ, ವೇರ್‌ಹೌಸ್ ಬಿಟ್ಟು ಬಂದದ್ದು ಯಾತಕ್ಕೆ? ಹೈವೇ ಡ್ರೈವರ್‌ಗೆ ವಾರಕ್ಕೆ 60 ಗಂಟೆ ದಾಟಿದ ಮೇಲೆ, ಸಿಟಿ ಡ್ರೈವರ್‌ಗೆ ದಿನಕ್ಕೆ 9 ಅಥವಾ ವಾರಕ್ಕೆ 45 ಗಂಟೆ ದಾಟಿದ ಮೇಲೆ ಓವರ್‌ಟೈಮ್ ಅನ್ನುವುದೂ ಗೊತ್ತಿರಲಿ. ಒಂಟಾರಿಯೋ ಒಳಗೆ ಮಾತ್ರ ಓಡಿಸುವ ಕಂಪನಿಗೆ ಪ್ರಾಂತ್ಯದ ನಿಯಮ ಬೇರೆ.

ಅವರು ನಿಮ್ಮನ್ನು ನೋಡುವ ಹಾಗೆ ನೀವೂ ಅವರನ್ನು ನೋಡಿ

ಕಂಪನಿ ನಿಮ್ಮ ಡ್ರೈವರ್ ಅಬ್‌ಸ್ಟ್ರಾಕ್ಟ್ ಕೇಳುತ್ತದೆ. ಕಂಪನಿಯ ಸಿವಿಒಆರ್ ಅಬ್‌ಸ್ಟ್ರಾಕ್ಟ್‌ಅನ್ನು ನೀವೂ ಸಣ್ಣ ಫೀಸು ಕಟ್ಟಿ ಪ್ರಾಂತ್ಯ ಸರ್ಕಾರದಿಂದ ತರಿಸಬಹುದು. ಅದರಲ್ಲಿ ಕಂಪನಿಯ ಸುರಕ್ಷತಾ ದರ್ಜೆ ಇರುತ್ತದೆ. ಅಮೆರಿಕಕ್ಕೆ ಹೋಗುವ ಕಂಪನಿಯಾದರೆ ಅದರ ಡಿಒಟಿ ನಂಬರ್ ಹಾಕಿ ಅಲ್ಲಿನ ಸರ್ಕಾರದ ಸೇಫರ್ ವ್ಯವಸ್ಥೆಯಲ್ಲಿ ಉಚಿತವಾಗಿ ನೋಡಬಹುದು. ಎಷ್ಟು ಗಾಡಿ, ಎಷ್ಟು ಅಪಘಾತ, ಎಷ್ಟು ಸಲ ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿದರು, ಎಲ್ಲ ಇರುತ್ತದೆ. ಹುಡುಗಿ ನೋಡಲು ಹೋಗುವ ಮೊದಲು ಮನೆತನ ವಿಚಾರಿಸುವವರು ನಾವು. ವರ್ಷಪೂರ್ತಿ ಜೀವ ಒತ್ತೆ ಇಡುವ ಗಾಡಿಯ ಮನೆತನ ವಿಚಾರಿಸದೆ ಹೋಗುವುದೇ?

ಯಾರ್ಡ್‌ಗೆ ಹೋದಾಗ ಟೈರ್ ನೋಡಿ. ಕೆಲಸ ಮುಗಿಸಿ ಬರುವ ಡ್ರೈವರ್ ಜೊತೆ ಎರಡು ನಿಮಿಷ ಮಾತಾಡಿ, "ಸಂಬಳ ಟೈಮಿಗೆ ಬರುತ್ತಾ?" ಅಂತ ಕೇಳಿ. ಡಿಸ್ಪ್ಯಾಚರ್ ಯಾವ ದನಿಯಲ್ಲಿ ಮಾತಾಡುತ್ತಾನೆ ಗಮನಿಸಿ. ಕೆನಡಾದಲ್ಲಿ ದಿನಕ್ಕೆ 13 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಅಮೆರಿಕದಲ್ಲಿ 11. ಎಲೆಕ್ಟ್ರಾನಿಕ್ ಲಾಗ್ ಕಡ್ಡಾಯ. "ಲಾಗ್ ನಾವು ಸರಿ ಮಾಡ್ತೀವಿ, ನೀನು ಓಡಿಸು" ಅನ್ನುವ ಮಾತು ಕಿವಿಗೆ ಬಿದ್ದರೆ ಅಲ್ಲಿಂದ ಹೊರಡಿ. ಅಪಾಯ ಇದೆ ಅನ್ನಿಸಿದ ಕೆಲಸವನ್ನು ನಿರಾಕರಿಸುವ ಹಕ್ಕು ಲೇಬರ್ ಕೋಡ್‌ನಲ್ಲೇ ಇದೆ.

ಕಂಪನಿಯ ರೋಡ್ ಟೆಸ್ಟ್‌ನಲ್ಲಿ ಹೊಸಬರು ಸೋಲುವುದು ಡ್ರೈವಿಂಗ್‌ಗಿಂತ ಅವಸರದಲ್ಲಿ. ಗಾಡಿ ಸುತ್ತ ತಪಾಸಣೆಯನ್ನು ಬಾಯಲ್ಲಿ ಹೇಳುತ್ತಾ ಮಾಡಿ. ಟ್ರೇಲರ್ ಕಟ್ಟಿದ ಮೇಲೆ ಕೆಳಗಿಳಿದು ಟಾರ್ಚ್ ಹಾಕಿ ಫಿಫ್ತ್ ವೀಲ್ ಲಾಕ್ ನೋಡಿ, ಟಗ್ ಟೆಸ್ಟ್ ಮಾಡಿ. ರಿವರ್ಸ್‌ನಲ್ಲಿ ಅನುಮಾನ ಬಂದರೆ ನಿಲ್ಲಿಸಿ, ಇಳಿದು ನೋಡಿ. ಹತ್ತು ಸಲ ಇಳಿದರೂ ಯಾರೂ ನಗುವುದಿಲ್ಲ. ಒಂದು ಕಂಪನಿಯ ಸೇಫ್ಟಿ ಮ್ಯಾನೇಜರ್ ನನಗೆ ಹೇಳಿದ್ದು ಇದೇ: ಒಂದೇ ಸಲಕ್ಕೆ ಡಾಕ್‌ಗೆ ಹಚ್ಚಿದವನಿಗಿಂತ, ಎರಡು ಸಲ ಇಳಿದು ನೋಡಿದವನನ್ನು ಅವರು ತೆಗೆದುಕೊಳ್ಳುತ್ತಾರೆ.

ಮೊದಲ ದಿನದಿಂದ ಎತ್ತಿಡಬೇಕಾದ ಕಾಗದ

ಒಂದು ಫೈಲ್ ಮಾಡಿ. ಅದರಲ್ಲಿ ಮೆಲ್ಟ್ ಸರ್ಟಿಫಿಕೇಟ್, ಆಫರ್ ಲೆಟರ್, ಪ್ರತಿ ಪೇ ಸ್ಟಬ್, ಟಿ4, ನಿಮ್ಮ ಟ್ರಿಪ್‌ಗಳ ಪಟ್ಟಿ ಇರಲಿ. ಎಲೆಕ್ಟ್ರಾನಿಕ್ ಲಾಗ್ ಕಂಪನಿಯ ಕೈಯಲ್ಲಿರುತ್ತದೆ, ಕೆಲಸ ಬಿಟ್ಟ ದಿನವೇ ನಿಮಗೆ ಸಿಗದೆ ಹೋಗಬಹುದು. ಒಂದು ಡೈರಿಯಲ್ಲಿ ಹೊರಟ ಹೊತ್ತು, ಬಂದ ಹೊತ್ತು, ಕಾದ ಗಂಟೆ ಬರೆದಿಡಿ. ಸಂಬಳ ಬಾಕಿ ಉಳಿದರೆ ಫೆಡರಲ್ ಲೇಬರ್ ಪ್ರೋಗ್ರಾಂಗೆ ದೂರು ಕೊಡಲು ಇರುವುದು ಆರು ತಿಂಗಳು. ಆಗ ಆ ಡೈರಿಯೇ ನಿಮ್ಮ ಸಾಕ್ಷಿ.

ಟ್ಯಾಕ್ಸ್ ವಿಷಯದಲ್ಲಿ ಎರಡು ಮಾತು. ಟ್ರಕ್ ಶಾಲೆಯ ಫೀಸಿಗೆ ಟಿ2202 ಸಿಗುತ್ತದೆಯೇ ಅಂತ ಸೇರುವ ಮೊದಲೇ ಕೇಳಿ. ಸಿಕ್ಕರೆ ಟ್ಯೂಷನ್ ಕ್ರೆಡಿಟ್ ಇದೆ. 26 ವರ್ಷ ದಾಟಿದವರಿಗೆ, ಹಿಂದಿನ ವರ್ಷಗಳ ಆದಾಯ ನೋಡಿ, ಕೆನಡಾ ಟ್ರೈನಿಂಗ್ ಕ್ರೆಡಿಟ್ ಕೂಡ ಸಿಗಬಹುದು. ಅದು ವರ್ಷಕ್ಕೆ 250 ಡಾಲರ್‌ನಂತೆ ಕೂಡಿಕೊಂಡು ಬರುತ್ತದೆ.

ಎರಡನೆಯದು ಟಿಎಲ್2 ಫಾರ್ಮ್. ದೂರದ ಟ್ರಿಪ್ ಹೊಡೆಯುವ ಪೇರೋಲ್ ಡ್ರೈವರ್ ಊಟದ ಖರ್ಚು ತೋರಿಸಬಹುದು. ಸರಳ ವಿಧಾನದಲ್ಲಿ ಊಟಕ್ಕೆ 23 ಡಾಲರ್, ದಿನಕ್ಕೆ ಮೂರು ಊಟ, ಅಂದರೆ 69. ಕನಿಷ್ಠ 24 ಗಂಟೆ ಹೊರಗಿದ್ದು, 160 ಕಿಲೋಮೀಟರ್ ದೂರ ಹೋದ ಟ್ರಿಪ್‌ಗಳಿಗೆ ಅದರ 80% ಕಳೆಯಬಹುದು. ವರ್ಷಕ್ಕೆ ಅಂಥ 200 ದಿನ ಇದ್ದರೆ 11,040 ಡಾಲರ್ ಆದಾಯದಿಂದ ಕಳೆಯುತ್ತದೆ. ಬಿಲ್ ಬೇಡ, ಆದರೆ ಟ್ರಿಪ್ ಪಟ್ಟಿ ಬೇಕು, ಕಂಪನಿಯ ಸಹಿ ಬೇಕು.  ಸಹಿ ಹಾಕಿಕೊಡ್ತೀರಾ ಅಂತ ಇಂಟರ್‌ವ್ಯೂನಲ್ಲೇ ಕೇಳಿಬಿಡಿ. ಈ ಪ್ರಶ್ನೆ ಕೇಳಿದವನನ್ನು ಸುಲಭವಾಗಿ ಯಾಮಾರಿಸಲು ಆಗುವುದಿಲ್ಲ ಅಂತ ಅವರಿಗೂ ಗೊತ್ತಾಗುತ್ತದೆ.

ಕೊನೆಯದಾಗಿ

ನಾಲ್ಕಾರು ತಿಂಗಳು ಕೆಲಸ ಸಿಗದೆ ಕೂತವನಿಗೆ ಈ ಮಾತುಗಳು ಕಷ್ಟ ಅನ್ನಿಸಬಹುದು. ಬಾಡಿಗೆ ಕಟ್ಟುವ ದಿನ ಹತ್ತಿರ ಬಂದಾಗ ಉಪದೇಶ ಹೊಟ್ಟೆ ತುಂಬಿಸುವುದಿಲ್ಲ, ನನಗೂ ಗೊತ್ತು. ಅದಕ್ಕೇ ಹೇಳುವುದು, ವೇರ್‌ಹೌಸ್ ಕೆಲಸವನ್ನು ಲೈಸೆನ್ಸ್ ಬಂದ ದಿನವೇ ಬಿಡಬೇಡಿ. ಒಂದು ಕಾಲು ಅಲ್ಲಿ ಇಟ್ಟುಕೊಂಡು ಹುಡುಕಿ. ವಾರಕ್ಕೆ ಹತ್ತು ಕಂಪನಿಗೆ ಖುದ್ದಾಗಿ ಹೋಗಿ ಅಬ್‌ಸ್ಟ್ರಾಕ್ಟ್ ಕೊಟ್ಟು ಬನ್ನಿ. ಮತ್ತೆ ಹದಿನೈದು ದಿನ ಬಿಟ್ಟು ಅದೇ ಹತ್ತು ಕಡೆ ಮುಖ ತೋರಿಸಿ.

ನಮ್ಮಲ್ಲಿ ಈಗಾಗಲೇ ಐದಾರು ವರ್ಷ ಓಡಿಸಿದವರು ಇದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಂಪನಿ ಹೊಸಬರನ್ನು ತೆಗೆದುಕೊಳ್ಳುತ್ತದೆಯೇ ಅಂತ ವಿಚಾರಿಸಿ, ಸಂಘದ ಕಚೇರಿಗೆ ತಿಳಿಸಿ. ಪಂಜಾಬಿ ಹುಡುಗನಿಗೆ ಚಿಕ್ಕಪ್ಪ ಇದ್ದ ಹಾಗೆ ನಮ್ಮ ಹುಡುಗನಿಗೆ ನೀವೇ ಚಿಕ್ಕಪ್ಪ ಆಗಬೇಕು. ಹೊಸಬರು ಯಾವ ಕಾಗದಕ್ಕೆ ಸಹಿ ಹಾಕುವ ಮೊದಲೂ ಒಬ್ಬರಿಗಾದರೂ ತೋರಿಸಿ. ಕಾಗದ ಓದಿ ಹೇಳುವುದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಸಂಘದಲ್ಲಿ ಕೇಳಿದರೆ ನಾನು ಎಲ್ಲಿ ಸಿಗುತ್ತೇನೆ ಅಂತ ಹೇಳುತ್ತಾರೆ.

ರಸ್ತೆಯ ಮೇಲೆ ಇರುವ ಎಲ್ಲ ಕನ್ನಡದ ಡ್ರೈವರ್‌ಗಳೂ ಸುಖವಾಗಿ ಹೋಗಿ, ಸುಖವಾಗಿ ಬನ್ನಿ.